ಎರವಿನ ಕೆಂಪು ನಿಲುವಂಗಿ

ಅಳು ಬರಲಿಲ್ಲ. ರಾಜಧಾನಿ ಇರುವ ದಕ್ಷಿಣ ದಿಕ್ಕಿಗೆ ಮುಖಮಾಡಿ ಕಚೇರಿಯ ಅಂಗಳದಲ್ಲಿ ಮಂಡಿಯೂರಿದ ಹದಿನಾಲ್ಕು ಜನರಲ್ಲಿ ಹದಿಮೂರು ಜನ ಲಕ್ಷಣವಾಗಿ ಅಳುತ್ತಿದ್ದರು. ಎಲ್ಲರಿಗಿಂತ ಮುಂದೆ ಕೂತು ಎಲ್ಲರಿಗಿಂತ ಜೋರಾಗಿ ಅಳಬೇಕಾಗಿದ್ದ ದ್ವಾನ್ ಸೂನ ಕಣ್ಣಿನಲ್ಲಿ ಮಾತ್ರ ಒಂದು ಹನಿಯಿಲ್ಲ. ಸೆಣಬಿನ ಶೋಕವಸ್ತ್ರ ಕತ್ತಿಗೆ ಚುಚ್ಚುತ್ತಿತ್ತು. ಹೆಂಡತಿ ಅವಸರಕ್ಕೆ ಗೋಧಿಯ ಚೀಲ ಬಿಚ್ಚಿ ಹೊಲಿದದ್ದು. ಉಸಿರೆಳೆದರೆ ಹೊಟ್ಟಿನ ಧೂಳು ಮೂಗಿಗೆ ಬರುತ್ತಿತ್ತು. ಚಕ್ರವರ್ತಿ ತೀರಿಕೊಂಡು ಹದಿಮೂರು ದಿನವಾಗಿತ್ತು. ಗಡಿಯ ಈ ಸಣ್ಣ ಊರಿಗೆ ಸುದ್ದಿ ಗೊತ್ತಾದದ್ದು ನಿನ್ನೆ ಸಂಜೆ. ಅಂದರೆ ಊರು ಹಾಗೆಂದು ತಿಳಿದಿತ್ತು. ಹಿಂದಿನಿಂದ ಯಾರೋ ಮೊಣಕೈಯಿಂದ ತಿವಿದರು. ಗುಮಾಸ್ತ ಪಾಂಗ್. ಎಪ್ಪತ್ತು ದಾಟಿದ ಮುದುಕ, ಅವನು ಅಳುತ್ತಿರುವುದು ಇದು ಮೂರನೆಯ ಚಕ್ರವರ್ತಿಗೆ, ಕೈ ಪಳಗಿತ್ತು. “ಸ್ವಾಮಿ, ಕಣ್ಣೀರು ಬರದಿದ್ರೆ ದನಿಯಾದ್ರೂ ತೆಗೀರಿ, ಹಿಂದಿನೋರು ನೋಡ್ತಿದಾರೆ” ಎಂದು ಬಿಕ್ಕುಗಳ ನಡುವೆಯೇ ಪಿಸುಗುಟ್ಟಿ, ಬಿಟ್ಟಲ್ಲಿಂದ ಅಳು ಮುಂದುವರಿಸಿದ. ದ್ವಾನ್ ಸೂ ದನಿ ತೆಗೆದ. ಅದು ಆಡು ಕೆಮ್ಮಿದಂತೆ ಕೇಳಿಸಿತು. ಅವನಿಗೆ ಸತ್ತ ದೊರೆಯ ಚಿಂತೆ ಇರಲಿಲ್ಲ. ನದಿಯಾಚೆ ಉತ್ತರದವರ ಡೇರೆಯಲ್ಲಿರುವ ಒಂದು ಪೆಟ್ಟಿಗೆಯ ಚಿಂತೆ ಇತ್ತು. ನಿನ್ನೆ ತಾನೇ ಎರಡು ಕೈಯಿಂದ ಎತ್ತಿ, ಬಾಗಿ, ನಗುತ್ತ ಕೊಟ್ಟ ಪೆಟ್ಟಿಗೆ.

ನಿನ್ನೆ ಬೆಳಿಗ್ಗೆ ಪಾಂಗ್ ರಾಜಧಾನಿಯ ಕಾಗದವಿದ್ದ ಒಂದು ಬಿದಿರು ಕೊಳವೆ ಹಿಡಿದುಕೊಂಡು ಬಂದಾಗ ಹೆಂಡತಿ ಯೂನ್ ದ್ವಾನ್ ಸೂಗೆ ಕೆಂಪು ನಿಲುವಂಗಿ ತೊಡಿಸುತ್ತಿದ್ದಳು. ಹನ್ನೊಂದು ವರ್ಷ ಹಸಿರು ತೊಟ್ಟವನು ಅವನು. ಅವನ ದರ್ಜೆಗೆ ಅಷ್ಟೇ. ಆದರೆ ಉತ್ತರದವರ ಎದುರು ಕೂರುವವನು ಹಸಿರಿನಲ್ಲಿ ಕೂತರೆ ಅವರಿಗೆ ಅವಮಾನವೆಂದು, ಆ ಒಂದು ಕೆಲಸಕ್ಕೆ ಮಾತ್ರ ಕೆಂಪು ತೊಡಲು ಆಸ್ಥಾನ ಅಪ್ಪಣೆ ಕೊಡುತ್ತದೆ. ಎರವಿನ ಕೆಂಪು, ಕೆಲಸ ಮುಗಿದ ಮೇಲೆ ಮಡಿಸಿ ವಾಪಸು ಕಳಿಸಬೇಕು. ಈ ವರ್ಷ ಮೇಲಧಿಕಾರಿಗೆ ಮಂಡಿನೋವು ಬಂದು, ರೇಷ್ಮೆ ಒಪ್ಪಿಸುವ ಕೆಲಸ ಇವನ ಪಾಲಿಗೆ ಬಿದ್ದಿತ್ತು. ಯೂನ್ ಹಿಂದಿನ ದಿನವೆಲ್ಲ ಕೂತು ಅಂಚು ಮಡಿಸಿ ಹೊಲಿದಿದ್ದಳು, ನಿಲುವಂಗಿ ಮೇಲಧಿಕಾರಿಯ ಅಳತೆಯದು, ಆ ಮೇಲಧಿಕಾರಿಯೋ ಇವನಿಗಿಂತ ಉದ್ದದ ಆಳು. ಕೊಳವೆಯ ಬಾಯಿಗೆ ಮೇಣದ ಮುದ್ರೆ ಇತ್ತು. ತಂದ ಸವಾರ ಕುದುರೆ ಬದಲಿಸಿಕೊಂಡು ಆಗಲೇ ಮುಂದಿನ ಠಾಣೆಗೆ ಓಡಿದ್ದ. ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ದ್ವಾನ್ ಸೂಗೆ ಒಳಗಿರುವುದು ಏನೆಂದು ಗೊತ್ತಾಗಿಬಿಟ್ಟಿತು: ಈ ಕೆಲಸಕ್ಕೆ ನೀನು ಬೇಡ, ದೊಡ್ಡ ಮನೆತನದ ಇನ್ಯಾರೋ ಹೊರಟಿದ್ದಾನೆ, ಅವನು ಬರುವವರೆಗೆ ಕಾಯಿ. ಅವನ ಬದುಕಿನಲ್ಲಿ ಕಾಗದಗಳು ಯಾವಾಗಲೂ ಹೀಗೆಯೇ ಬಂದಿದ್ದವು. “ಓದಿಬಿಡಿ, ಒಂದು ಚಣದ ಕೆಲಸ” ಎಂದಳು ಯೂನ್, ಬಾಯಲ್ಲಿ ದಾರ ಕಚ್ಚಿಕೊಂಡು. ದೋಣಿಯಲ್ಲಿ ಓದುತ್ತೇನೆಂದು ಅವನು ಅದನ್ನು ಅಗಲ ತೋಳಿನೊಳಗೆ ಇಳಿಬಿಟ್ಟ. ಪಾಂಗ್ ನೋಡಿದ. ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದ. ದೋಣಿಯಲ್ಲಿ ಓದಲಿಲ್ಲ. ದಡದಲ್ಲಿ ಹೊರೆಯಾಳುಗಳು ಅವನ ಕೆಂಪು ನೋಡಿ ದಾರಿ ಬಿಟ್ಟು ನಿಂತಿದ್ದರು. ಅವರಲ್ಲೊಬ್ಬ ಕಳೆದ ವಾರವಷ್ಟೇ ಹಣ್ಣಿನ ಬಂಡಿ ಅಡ್ಡ ನಿಲ್ಲಿಸಿ ಇವನನ್ನು ಕೆಸರಿಗೆ ಇಳಿಸಿದ್ದವನು.

ತೋಳಿನೊಳಗೆ ಕೊಳವೆ ಮೊಣಕೈಗೆ ತಗುಲುವಾಗಲೆಲ್ಲ ಅಮ್ಮ ನೆನಪಾಗುತ್ತಿದ್ದಳು. ಹಿಂದಿನ ಯುದ್ಧದಲ್ಲಿ ಅಪ್ಪ ದಂಡಿನ ಕುದುರೆಗಳಿಗೆ ಲಾಳ ಕಟ್ಟಲು ಹೋಗಿದ್ದ. ಚಳಿಗಾಲದಲ್ಲಿ ಇಂಥದೇ ಒಂದು ಕೊಳವೆ ಬಂತು. ಅಮ್ಮನಿಗೆ ಓದು ಬಾರದು. ಓದಿ ಹೇಳುವ ಮೇಷ್ಟ್ರು ಎರಡು ಬೀದಿಯಾಚೆ ಇದ್ದರು. ಅವಳು ಹೋಗಲಿಲ್ಲ. ಒಲೆಯ ದೇವರ ಪಟದ ಹಿಂದೆ ಅದನ್ನು ಸಿಕ್ಕಿಸಿಟ್ಟು, ದಿನಾ ಅಪ್ಪನ ಬಟ್ಟಲು ತೊಳೆದು, ಅಂಬಲಿ ಹಾಕಿ, ಆರಿದ ಮೇಲೆ ತಾನೇ ಕುಡಿಯುತ್ತಿದ್ದಳು. ನಲವತ್ತು ದಿನ. ಶೋಕದ ಖರ್ಚಿಗೆ ಹೆದರಿ ಕೂತಿದ್ದಾಳೆ ಎಂದು ಓರಗಿತ್ತಿಯರು ಆಡಿಕೊಂಡರು. ಆ ನಲವತ್ತು ದಿನ ಅಪ್ಪ ಬದುಕಿದ್ದ, ಅದರಲ್ಲಿ ಸುಳ್ಳೇನಿಲ್ಲ. ತಾನೂ ಅಮ್ಮನ ಮಗನೇ, ಅದಕ್ಕೇ ಹೀಗೆ, ಎಂದು ನಿನ್ನೆ ಅವನು ಸಮಾಧಾನ ಹೇಳಿಕೊಂಡಿದ್ದ. ಇವತ್ತು ಅಂಗಳದಲ್ಲಿ ಮಂಡಿಯೂರಿ ಆಡಿನಂತೆ ಕೆಮ್ಮುವಾಗ ಹಾಗೆ ಹೇಳಿಕೊಳ್ಳಲು ನಾಚಿಕೆಯಾಯಿತು. ಅಮ್ಮ ಒಬ್ಬ ಮನುಷ್ಯನಿಗಾಗಿ ಕೊಳವೆ ಒಡೆಯಲಿಲ್ಲ. ತಾನು ಒಂದು ಅಂಗಿಗಾಗಿ.

ಮತ್ತೆ ಆ ಅಂಗಿಯಲ್ಲಿ ತಾನು ಚೆನ್ನಾಗಿಯೇ ಕಂಡಿರಬೇಕು ಎಂಬ ಯೋಚನೆ ಈಗಲೂ ಒಂದು ಮೂಲೆಯಿಂದ ಇಣುಕುತ್ತದಲ್ಲ, ಅದಕ್ಕೆ ಏನು ಮಾಡುವುದು. ನದಿಯ ಹೆಸರು ಬಿಳಿಕಾಲುವೆ, ಅಗಲ ಕಡಿಮೆ, ಆಚೆ ದಡದ ನಾಯಿ ಬೊಗಳಿದರೆ ಈಚೆಯ ನಾಯಿ ಉತ್ತರ ಕೊಡುತ್ತದೆ. ಪ್ರತಿ ವರ್ಷ ಹತ್ತನೆಯ ತಿಂಗಳಲ್ಲಿ ರೇಷ್ಮೆಯ ಥಾನುಗಳು ಈ ದಡದಿಂದ ಆ ದಡಕ್ಕೆ ದಾಟುತ್ತವೆ. ನಮ್ಮ ಕಡೆ ಅದಕ್ಕೆ ಉಡುಗೊರೆ ಎನ್ನುತ್ತೇವೆ, ಅವರ ಕಡೆ ಕಪ್ಪ ಎನ್ನುತ್ತಾರೆ. ಹೊರುವವರು ಎರಡು ಕಡೆಯೂ ಹೊರೆ ಎನ್ನುತ್ತಾರೆ. ಉತ್ತರದ ಅಧಿಕಾರಿ ಶಿಯಾವ್ ತಾಬುಯೆ ಅರವತ್ತರ ಆಸುಪಾಸಿನ ಖಿತಾನ ಬುಡಕಟ್ಟಿನವನು, ನೆತ್ತಿ ಬೋಳಿಸಿ ಕೆನ್ನೆಯ ಪಕ್ಕ ಎರಡು ಜಡೆ ಇಳಿಬಿಟ್ಟವನು. ಗಡಿಯಲ್ಲೇ ಹುಟ್ಟಿ ಬೆಳೆದು ದಕ್ಷಿಣದ ಮಾತನ್ನು ನಮ್ಮವರಷ್ಟೇ ಸಲೀಸಾಗಿ ಆಡುತ್ತಿದ್ದ. ಅವನ ಕಡೆಯವರು ಥಾನಿನ ಮೂಲೆಯನ್ನು ಒದ್ದೆ ಮಾಡಿ, ಹೆಬ್ಬೆರಳಲ್ಲಿ ಉಜ್ಜಿ, ಗಂಜಿ ಹಾಕಿ ತೂಕ ಬರಿಸಿದ್ದಾರೆಯೇ ಎಂದು ನೋಡುವಾಗ ಹಿಂದಿನ ವರ್ಷಗಳಲ್ಲಿ ಗಂಟೆಗಟ್ಟಲೆ ಜಗಳ ನಡೆಯುತ್ತಿತ್ತು. ನಿನ್ನೆ ತಾಬುಯೆ ನಾಲ್ಕು ಥಾನು ಮುಟ್ಟಿ ಸಾಕೆಂದ. ತನ್ನ ಕೆಂಪಂಗಿಯ ಪ್ರಭಾವ ಎಂದುಕೊಂಡ ದ್ವಾನ್ ಸೂ. ಊಟಕ್ಕೆ ಕೂತರು, ಕುರಿಮಾಂಸ, ಆವಿಯಲ್ಲಿ ಬೆಂದ ಕಡುಬು, ನಮ್ಮ ಕಡೆಯ ಅಕ್ಕಿಮದ್ಯ. ಗೌರವಕ್ಕೆಂದು ಅವನನ್ನು ಕೆಂಡದ ಅಗ್ಗಿಷ್ಟಿಕೆಯ ಪಕ್ಕದಲ್ಲೇ ಕೂರಿಸಿದರು. ದ್ವಾನ್ ಸೂ ತನ್ನ ಊರಿನ ಇಬ್ಬರು ಪೀಪಾ ವಾದ್ಯದವರನ್ನು ಕರೆತಂದಿದ್ದ. ಒಂದು ಹಾಡು ಪೂರ್ತಿ ಆಗುವ ಮೊದಲೇ ತಾಬುಯೆ ಕೆನ್ನೆಗೆ ಕೈ ಒತ್ತಿ, ಹಲ್ಲುನೋವು, ತಂತಿಯ ಸದ್ದಿಗೆ ಹೆಚ್ಚಾಗುತ್ತಿದೆ, ನಿಲ್ಲಿಸಿದರೆ ಉಪಕಾರ ಎಂದ. ಮದ್ಯವನ್ನೂ ಅವನು ಕುಡಿಯಲಿಲ್ಲ. ಬಟ್ಟಲೆತ್ತಿ ಸ್ವಲ್ಪ ನೆಲಕ್ಕೆ ಚೆಲ್ಲಿ ಕೆಳಗಿಟ್ಟ. ದ್ವಾನ್ ಸೂನ ಕಿವಿ ಬಿಸಿಯಾಯಿತು. ಹಸಿರಂಗಿಯವನು ಕೆಂಪು ತೊಟ್ಟರೂ ಇವರಿಗೆ ವಾಸನೆ ಹತ್ತುತ್ತದೆ ಎಂದುಕೊಂಡ. ಆ ಅವಮಾನವನ್ನು ಮುಚ್ಚಲು ತಾನೇ ಎರಡು ಬಟ್ಟಲು ಹೆಚ್ಚು ಕುಡಿದು, ಇಲ್ಲದ ನಗು ನಕ್ಕು, ಕೊನೆಗೆ ಆ ಪೆಟ್ಟಿಗೆಯನ್ನು ಒಪ್ಪಿಸಿದ.

ಸಂಜೆ ಮನೆಗೆ ಬಂದು, ನಿಲುವಂಗಿ ಬಿಚ್ಚಿ, ಇನ್ನು ಏನಾದರೂ ಆಗಲಿ ಎಂದು ಕೊಳವೆ ಒಡೆದ. ಮೂರು ಸಲ ಓದಿದ. ಚಕ್ರವರ್ತಿ ಇಲ್ಲ. ಮಗ ಪಟ್ಟಕ್ಕೆ ಬಂದಿದ್ದಾನೆ. ಇಪ್ಪತ್ತೇಳು ದಿನ ಸಂಗೀತ, ಮದ್ಯ, ಬಣ್ಣದ ಬಟ್ಟೆ ಕೂಡದು. ಕೊನೆಯ ಸಾಲು: ಹೊಸ ಪತ್ರ ಬರುವವರೆಗೆ ರೇಷ್ಮೆಯನ್ನೂ ಹಳೆಯ ಪತ್ರವನ್ನೂ ನದಿ ದಾಟಿಸಬೇಡಿ. ಪೆಟ್ಟಿಗೆಯಲ್ಲಿದ್ದದ್ದು ಆ ಹಳೆಯ ಪತ್ರ. ಎರಡು ದೇಶದ ದೊರೆಗಳು ಯುದ್ಧ ನಿಲ್ಲಿಸುವಾಗ ಅಣ್ಣತಮ್ಮಂದಿರಾಗಿ ಆಣೆಯಿಟ್ಟವರು. ಪ್ರತಿ ವರ್ಷ ಅಣ್ಣನಿಂದ ತಮ್ಮನಿಗೆ ಎಂದೇ ಪತ್ರ ಹೋಗಬೇಕು. ಈಗ ಅಣ್ಣ ಸತ್ತು ಅಣ್ಣನ ಮಗ ಕೂತಿದ್ದಾನೆ, ತಮ್ಮನಾಗಿದ್ದವನು ಚಿಕ್ಕಪ್ಪನಾಗಿದ್ದಾನೆ. ಇಂಥ ಹೊತ್ತಿನಲ್ಲಿ ಸತ್ತವನ ಹೆಸರಿನ ಪತ್ರ ಅವರ ಆಸ್ಥಾನ ಮುಟ್ಟಿದರೆ, ಹುಡುಗ ದೊರೆ ಅಪ್ಪನ ಆಣೆಯನ್ನು ತನ್ನದೆಂದು ಒಪ್ಪಲಿಲ್ಲ, ಸಾವನ್ನು ಮುಚ್ಚಿಟ್ಟು ಆಟವಾಡಿದ ಎಂದು ಹೇಳಲು ಅಲ್ಲಿ ಬೇಕಾದಷ್ಟು ಜನ ಕಾಯುತ್ತಿದ್ದಾರೆ. ಕುದುರೆಗಳು ಇದೇ ಕಡವಿನಲ್ಲಿ ಇಳಿಯುತ್ತವೆ. ಪೆಟ್ಟಿಗೆ ಸಿಕ್ಕ ಗಳಿಗೆಯಲ್ಲೇ ಸವಾರನನ್ನು ಓಡಿಸುವುದು ಅವರ ಪದ್ಧತಿ. ಯೂನ್ ಪತ್ರ ಪೂರ್ತಿ ಕೇಳಿಸಿಕೊಂಡಳು. ಕೆಂಪು ನಿಲುವಂಗಿಯನ್ನು ಒಳಮೈ ಹೊರಗೆ ತಿರುಗಿಸಿ ನೋಡಿದಳು. ಅಗ್ಗಿಷ್ಟಿಕೆಯ ಬಿಸಿಗೆ ಮುದ್ರೆಯ ಮೇಣ ಕರಗಿ ಎಡತೋಳಿನ ಒಳಗೆ ನಾಣ್ಯದಗಲ ಕಲೆ ಅಂಟಿತ್ತು. ಉಗುರಿನಿಂದ ಕೆರೆಯಲು ಶುರು ಮಾಡಿದಳು.

ಅಳುವ ವಿಧಿ ಮುಗಿದ ಮೇಲೆ ದ್ವಾನ್ ಸೂ ದೋಣಿ ಹತ್ತಿದ. ಪಾಂಗ್ ಕರೆಯದೆ ಬಂದು ಎದುರಿಗೆ ಕೂತ. ನೀರಿನ ಮೇಲೆ ಮಂಜು ಇನ್ನೂ ಸರಿದಿರಲಿಲ್ಲ. ಅಂಬಿಗ ಕಿವುಡ, ಅದೊಂದು ಪುಣ್ಯ. ಮುದುಕ ತನ್ನ ಕೈಯ ನರ ನೋಡಿಕೊಳ್ಳುತ್ತ, “ಮೇಲಿನೋರಿಗೆ ವರದಿ ಹೋಗ್ಬೇಕು ಸ್ವಾಮಿ. ಕೊಳವೆ ಎಷ್ಟು ಹೊತ್ತಿಗೆ ಬಂತು ಅಂತ ಬರೀಲಿ?” ಎಂದ. ದ್ವಾನ್ ಸೂ ಕತ್ತಿಗೆ ಚುಚ್ಚುತ್ತಿದ್ದ ಸೆಣಬನ್ನು ಸಡಿಲಿಸಿಕೊಂಡ. “ಬೆಳಿಗ್ಗೆ ನಿಮ್ಮ ಕೈಗೆ ಕೊಟ್ಟೋನು ನಾನೇ. ಆದ್ರೆ ನನಗೆ ವಯಸ್ಸಾಗಿದೆ, ಬೆಳಿಗ್ಗೆ ಯಾವುದು ಸಂಜೆ ಯಾವುದು ಅಂತ ಒಂದೊಂದ್ಸಲ ಗೊತ್ತಾಗಲ್ಲ.” ಇದು ಕರುಣೆಯೋ, ಮುಂದೆ ಯಾವಾಗಲಾದರೂ ಕತ್ತಿಗೆ ಹಾಕಲು ಹೊಸೆಯುತ್ತಿರುವ ಹಗ್ಗವೋ ದ್ವಾನ್ ಸೂಗೆ ತಿಳಿಯಲಿಲ್ಲ. ಮುದುಕನ ಮುಖದಲ್ಲಿ ಏನೂ ಇರಲಿಲ್ಲ, ಬೆಳಗಿನ ಅಳುವಿನ ಸಿಂಬಳ ಬಿಟ್ಟರೆ. ಏಳು ವರ್ಷದಿಂದ ಈ ಮನುಷ್ಯ ಅವನ ಚಹಾ ತರುತ್ತಾನೆ, ಅವನ ಅಕ್ಷರ ತಿದ್ದುತ್ತಾನೆ, ಅವನಿಗಿಂತ ಚೆನ್ನಾಗಿ ಅಳುತ್ತಾನೆ. ಮೊದಲು ಪೆಟ್ಟಿಗೆ ಎಂದ ದ್ವಾನ್ ಸೂ. ಪೆಟ್ಟಿಗೆ ವಾಪಸು ಸಿಗದಿದ್ದರೆ ಹೊತ್ತಿನ ಪ್ರಶ್ನೆ ಯಾರೂ ಕೇಳುವುದಿಲ್ಲ, ನೇರ ತಲೆಯನ್ನೇ ಕೇಳುತ್ತಾರೆ. ತಲೆ ಹೋದರೂ ಚಿಂತೆಯಿಲ್ಲ ಎಂದು ಹೇಳಿಕೊಳ್ಳಲು ನೋಡಿದ; ಆಗಲಿಲ್ಲ. ದೋಣಿಯ ಅಂಚು ಹಿಡಿದು, ದಡದ ಮೇಲೆ ಒತ್ತಿದ ಲಾಳದ ಗುರುತುಗಳನ್ನು ಹುಡುಕಿದ. ಉತ್ತರಕ್ಕೆ ಸವಾರ ಹೋಗಿದ್ದರೆ ಗುರುತು ಇರಬೇಕು. ಮಂಜಿನಲ್ಲಿ ಏನೂ ಕಾಣಲಿಲ್ಲ.

ಆಚೆ ದಡದಲ್ಲಿ ಕಾಲಿಟ್ಟಾಗ ಮೊದಲು ಕಂಡದ್ದು ರೇಷ್ಮೆಯ ಹೊರೆಗಳು. ನಿನ್ನೆ ಇಳಿಸಿದ ಜಾಗದಲ್ಲೇ, ಮೇಲೆ ಕಂಬಳಿ ಹೊದಿಸಿಕೊಂಡು, ಹಾಗೇ ಬಿದ್ದಿದ್ದವು. ಬಂಡಿಗಳು ಖಾಲಿ ನಿಂತಿದ್ದವು, ಎತ್ತುಗಳು ಮೇಯುತ್ತಿದ್ದವು. ಇದರ ಅರ್ಥವೇನೆಂದು ಯೋಚಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಹೇಳಬೇಕಾದ ಮಾತನ್ನು ಹಳೆಯ ಗ್ರಂಥಗಳ ಭಾಷೆಯಲ್ಲಿ, ಎರಡು ದೇಶಗಳ ಸ್ನೇಹದಿಂದ ಶುರುಮಾಡಿ ಬಾಯಿಪಾಠ ಮಾಡಿಕೊಂಡಿದ್ದ. ಡೇರೆಯ ಪರದೆ ಸರಿಸಿ ಒಳಗೆ ಹೋದರೆ, ತಾಬುಯೆ ಕೂತಿದ್ದ. ಮೈಮೇಲೆ ಬಿಳಿ ಬಟ್ಟೆ. ಜಡೆಗಳ ಬೆಳ್ಳಿಯ ಕೊಂಡಿ ತೆಗೆದಿದ್ದ. ಬಾಯಿಪಾಠವೆಲ್ಲ ದ್ವಾನ್ ಸೂನ ತಲೆಯಿಂದ ಹಾರಿಹೋಯಿತು. ಅಲ್ಲೇ ಮಂಡಿಯೂರಿದ.

“ಏಳಿ ಏಳಿ, ನೆಲ ತಣ್ಣಗಿದೆ” ಎಂದ ತಾಬುಯೆ, ತಾನೇ ತೋಳು ಹಿಡಿದೆತ್ತಿ. “ನಿನ್ನೆ ರಾತ್ರಿ ಕಣ್ಣು ಮುಚ್ಚಿಲ್ಲ ಅಂತ ಕಾಣುತ್ತೆ. ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರಲಿಲ್ಲ.” ಪಕ್ಕದ ಕಂಬಳಿ ಸರಿಸಿದ. ಕೆಳಗೆ ಪೆಟ್ಟಿಗೆ ಇತ್ತು. ಹಳದಿ ದಾರ, ಅದರ ಮೇಲಿನ ಅರಮನೆಯ ಮುದ್ರೆ, ಎಲ್ಲ ನಿನ್ನೆ ಕೊಟ್ಟ ಹಾಗೇ. ನಾಲ್ಕು ದಿನದ ಕೆಳಗೆಯೇ ಅವನಿಗೆ ವಿಷಯ ಗೊತ್ತಾಗಿತ್ತಂತೆ. ದಕ್ಷಿಣದಿಂದ ಕದ್ದು ಉಪ್ಪು ದಾಟಿಸುವವರು ಬಂದು, ದೊಡ್ಡ ಪೇಟೆಗಳಲ್ಲಿ ಸೆಣಬಿನ ಬಟ್ಟೆ ಒಂದು ಮೊಳವೂ ಸಿಗುತ್ತಿಲ್ಲ ಎಂದು ಹೇಳಿದ್ದರಂತೆ. ಜನ ಹೀಗೆ ಒಟ್ಟಿಗೆ ಸೆಣಬು ಕೊಳ್ಳುವುದು ಒಬ್ಬನೇ ಒಬ್ಬ ಸತ್ತರೆ. ಅದಕ್ಕೇ ಹಲ್ಲುನೋವು. ಅದಕ್ಕೇ ನೆಲಕ್ಕೆ ಚೆಲ್ಲಿದ ಮದ್ಯ. ಅದು ಅವರ ಕಡೆ ಸತ್ತವರ ಪಾಲು.

ಮೊದಲೇ ಗೊತ್ತಿದ್ದರೆ ಹೇಳಬಾರದಿತ್ತೇ ಎಂಬ ಮಾತು ದ್ವಾನ್ ಸೂನ ಬಾಯಿಗೆ ಬಂದು ನಿಂತಿತು. ಅದು ಮುಖದಲ್ಲಿ ಕಂಡಿರಬೇಕು.

“ನಿಮ್ಮನೇಲಿ ಸಾವಾದ್ರೆ ನಿಮಗೇ ಗೊತ್ತಿಲ್ಲ, ಎದುರುಮನೆಯವನು ಬಂದು ಹೇಳೋದಾ? ಚೆನ್ನಾಗಿರುತ್ತಾ?” ಎಂದ ತಾಬುಯೆ. “ನಿಮ್ಮ ಮುಖ ನೋಡಿದ ಕೂಡ್ಲೇ ಗೊತ್ತಾಯ್ತು, ಈ ಮನುಷ್ಯನಿಗೆ ಇನ್ನೂ ಸುದ್ದಿ ಬಂದಿಲ್ಲ ಅಂತ. ಮದುಮಗನ ಥರ ಕೂತಿದ್ರಿ ಕೆಂಪಂಗೀಲಿ.”

ಇಲ್ಲಿಗೆ ಬಿಡಬಹುದಿತ್ತು. ಪೆಟ್ಟಿಗೆ ಎತ್ತಿಕೊಂಡು, ಬಾಗಿ, ಹಿಂದಕ್ಕೆ ಸರಿಯುತ್ತ ಹೊರಗೆ ಬರಬಹುದಿತ್ತು. ತಾಬುಯೆ ತನ್ನನ್ನು ಮುಗ್ಧನೆಂದು ನಂಬಿ ಕಾಪಾಡಿದ್ದಾನೆ, ಆ ನಂಬಿಕೆಯೂ ಇನ್ನೊಂದು ಎರವಿನ ಅಂಗಿ ಎಂದು ದ್ವಾನ್ ಸೂಗೆ ಅನ್ನಿಸಿತು. ಅವನಿಗೆ ಅಂಥದನ್ನು ತೊಡುವುದು ಸಾಕಾಗಿತ್ತು.

“ಸುದ್ದಿ ಬಂದಿತ್ತು” ಎಂದ. “ಬೆಳಿಗ್ಗೇನೇ ಬಂದಿತ್ತು. ಈ ತೋಳಲ್ಲೇ ಇತ್ತು. ನಾನೇ ಒಡೀಲಿಲ್ಲ. ಒಡೆದ್ರೆ ಅಂಗಿ ಬಿಚ್ಚು ಅಂತಾರೇನೋ ಅಂತ ಹೆದ್ರಿಕೊಂಡೆ.”

ತಾಬುಯೆ ಅವನನ್ನೇ ನೋಡಿದ. ಹೊರಗೆ ಎತ್ತಿನ ಕೊರಳಿನ ಮರದ ಗಂಟೆ ಟಕ್ ಟಕ್ ಎನ್ನುತ್ತಿತ್ತು. ದ್ವಾನ್ ಸೂಗೆ ಆ ಚಣದಲ್ಲಿ ಪೆಟ್ಟಿಗೆ ಮತ್ತೆ ಕಂಬಳಿಯಡಿ ಹೋಗುವುದು ಕಂಡಿತು, ಕುದುರೆಗಳು ಕಡವಿನಲ್ಲಿ ಇಳಿಯುವುದು ಕಂಡಿತು. ನಿಜ ಹೇಳಿ ದೇಶ ಹಾಳುಮಾಡಿದ ಮೂರ್ಖನೆಂದು ತನ್ನ ಹೆಸರು ಉಳಿಯಬಹುದು ಎಂದುಕೊಂಡ.

“ಇದನ್ನ ನನಗೆ ಹೇಳಬೇಕಾಗಿರಲಿಲ್ಲ ನೀವು” ಎಂದ ತಾಬುಯೆ ಕೊನೆಗೆ. “ಈ ಪೆಟ್ಟಿಗೆ ಕೈಗೆ ಬಂದ ಗಳಿಗೇಲಿ ಸವಾರನ್ನ ಓಡಿಸಬೇಕು, ಅದು ನನ್ನ ಕೆಲಸ. ಕುದುರೆಗೆ ಕಾಲು ಉಳುಕಿದೆ ಅಂದೆ. ಎಲ್ಲ ಕುದುರೆಗೂ. ನದಿ ದಾಟಿ ಹೋಗಿ ನಿಮ್ಮ ಸೀಮೆ ಒಳಗೆ ಏನಿದೆ ಅಂತ ನೋಡೋ ಜನ ನಮ್ಮಲ್ಲಿ ತುಂಬ ಇದ್ದಾರೆ, ಜೀನು ಬಿಗಿದು ಕೂತಿದ್ದಾರೆ. ನಮ್ಮಣ್ಣನೂ ಹಾಗೇ ಕೂತಿದ್ದ, ಹೋದ, ನಿಮ್ಮ ಕಡೆ ಯಾವುದೋ ಗೋಡೆ ಕೆಳಗೆ ಮಣ್ಣಾದ.” ಪೆಟ್ಟಿಗೆಯನ್ನು ಎರಡು ಕೈಯಿಂದ ಎತ್ತಿ ಮುಂದೆ ಹಿಡಿದ. “ನೀವು ಒಡೀಲಿಲ್ಲ ಅಂತ ತಪ್ಪಾಯ್ತು. ನಾನು ಒಡೀಲಿಲ್ಲ ಅಂತ ಸರಿಹೋಯ್ತು. ತಗೊಂಡು ಹೋಗಿ. ಚಿಕ್ಕಪ್ಪನಿಗೆ ಅಂತ ಬರೆದ ಕಾಗದ ಬಂದ ಮೇಲೆ ಬನ್ನಿ, ರೇಷ್ಮೆ ಇಲ್ಲೇ ಇರುತ್ತೆ. ಆಗ ನಾಲ್ಕು ಥಾನಿಗೆ ಬಿಡಲ್ಲ ನಾನು, ಒಂದೊಂದನ್ನೂ ಉಜ್ಜಿ ನೋಡ್ತೀನಿ.”

ದೋಣಿ ನಡುನೀರಿಗೆ ಬಂದಾಗ ಮಂಜು ಸರಿದಿತ್ತು. ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ದ್ವಾನ್ ಸೂ ಅದರ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಗಂಟು ಗಂಟಾಗಿಯೇ ಇತ್ತು. ಅವನಿಗೆ ಅಮ್ಮನ ನಲವತ್ತನೆಯ ದಿನ ನೆನಪಾಯಿತು. ಅವಳು ಕೊಳವೆ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋಗಿಬಂದು, ಏನೂ ಹೇಳದೆ, ಅಪ್ಪನ ಬಟ್ಟಲನ್ನು ತೊಳೆದು ಬೋರಲು ಹಾಕಿದ್ದಳು. ಅವತ್ತು ಯಾರೂ ಅಳಲಿಲ್ಲ. ಮರುದಿನದ ಅಂಬಲಿಗೆ ಕಾಳು ಬೀಸಬೇಕಿತ್ತು. ಮೊದಲು ಭುಜ ಅಲುಗಿತು, ಆಮೇಲೆ ದನಿ ಬಂತು, ಈ ಸಲ ಆಡಿನದಲ್ಲ. ಎಷ್ಟು ಹಗುರವಾಗಿತ್ತು ಅಂದರೆ ಅಳುತ್ತಲೇ ನಗು ಬರುತ್ತಿತ್ತು. ಕುದುರೆಗಳು ಇಳಿಯುವುದಿಲ್ಲ. ಈ ಊರಿನ ಯಾವ ಹೆಂಗಸಿನ ಮನೆಗೂ ಈ ಚಳಿಗಾಲದಲ್ಲಿ ಕೊಳವೆ ಬರುವುದಿಲ್ಲ. ಅಳು, ಅದೂ ಅಪ್ಪನ ಅಳು, ಇಷ್ಟು ವರ್ಷ ಎಲ್ಲಿತ್ತೋ, ಸುರಿಯಿತು. ಅದರಲ್ಲಿ ಚಕ್ರವರ್ತಿಯ ಪಾಲು ಕಡಿಮೆಯೇ. “ಹಾಂ, ಈಗ ಬಂತು ನೋಡಿ” ಎಂದ ಪಾಂಗ್, ತೃಪ್ತಿಯಿಂದ. ದಡದಲ್ಲಿ ಹೊರೆಯಾಳುಗಳು ಕೆಂಪಂಗಿಯ ಸಾಹೇಬ ಗೋಧಿಚೀಲದಲ್ಲಿ ಮುಖ ಮುಚ್ಚಿ ಅಳುತ್ತ ಇಳಿಯುವುದನ್ನು ನೋಡಿ ಒಬ್ಬೊಬ್ಬರಾಗಿ ಮಂಡಿಯೂರಿದರು. ದೊರೆಯ ಮೇಲೆ ಎಂಥ ಭಕ್ತಿ ಎಂದು ಹಣ್ಣಿನ ಬಂಡಿಯವನು ಪಕ್ಕದವನಿಗೆ ಹೇಳಿದ್ದು ಕೇಳಿಸಿತು. ದ್ವಾನ್ ಸೂ ಮೂಗು ಒರೆಸಿಕೊಂಡು, ಮುದುಕನ ಕಿವಿಗೆ ಬಾಗಿ, “ಬೆಳಿಗ್ಗೆ ಬಂತು ಅಂತಲೇ ಬರಿ” ಎಂದ. ಪಾಂಗ್ ನಿಂತ. ದಕ್ಷಿಣದ ಜೌಗು ಸೀಮೆಗೆ ಎತ್ತಿ ಹಾಕುತ್ತಾರೆ, ಮತ್ತೆ ಹಸಿರೂ ಸಿಗಲಿಕ್ಕಿಲ್ಲ ಎಂದ. ಹಾಕಲಿ ಎಂದ ದ್ವಾನ್ ಸೂ. ಅಲ್ಲಿ ಚಳಿ ಕಡಿಮೆಯಂತೆ.

ಮನೆಯಲ್ಲಿ ಯೂನ್ ಕಿಟಕಿಯ ಬೆಳಕಿಗೆ ಕೂತು ಇನ್ನೂ ಕೆರೆಯುತ್ತಿದ್ದಳು. ಬಾಗಿಲಲ್ಲಿ ಅವನನ್ನೂ ಅವನ ಕಂಕುಳಲ್ಲಿದ್ದ ಪೆಟ್ಟಿಗೆಯನ್ನೂ ನೋಡಿದವಳು ಒಂದು ದೊಡ್ಡ ಉಸಿರು ಬಿಟ್ಟಳು. ಬೆಳಗಿನಿಂದ ಹಿಡಿದಿಟ್ಟುಕೊಂಡಿದ್ದು ಅದೇ ಇರಬೇಕು. ಆಮೇಲೆ ತೋಳನ್ನು ಎತ್ತಿ ತೋರಿಸಿ, “ಮೇಣ ಎಲ್ಲ ಬಂತು, ಈ ಕಲೆ ಒಂದು ಹೋಗ್ತಾ ಇಲ್ಲ. ಬೂದಿ ನೀರಲ್ಲಿ ನೆನೆಸಿ ನೋಡ್ಲಾ?” ಎಂದಳು. ಅವನು ಅವಳ ಪಕ್ಕ ಕೂತು ನಿಲುವಂಗಿಯನ್ನು ತನ್ನ ಕಡೆ ಎಳೆದುಕೊಂಡ. ಒಳ್ಳೆಯ ಬಟ್ಟೆ, ನಮ್ಮ ಕಡೆಯ ನೇಯ್ಗೆ. ಅಂಚಿನಲ್ಲಿ ಅವಳ ಹೊಲಿಗೆ ಸಣ್ಣಗೆ, ಒಂದೇ ಸಮ ಇತ್ತು.

“ಬೇಡ, ಸಾಕು ಬಿಡು” ಎಂದ. “ಮಡಿಸು. ಹಾಗೇ ಕಳಿಸೋಣ.”